ಹೊಲಿಗೆ ಜಾಸ್ತಿ, ಬಟ್ಟೆ ಕಮ್ಮಿ

ನಮ್ಮ ನಾಟಕ ಮಂಡಳಿಯಲ್ಲಿ ವೇಷದ ಬಟ್ಟೆ ಹೊಲಿಯುತ್ತಿದ್ದವಳನ್ನು ಎಲ್ಲರೂ ಚಿಂದಕ್ಕ ಎಂದೇ ಕರೆಯುತ್ತಿದ್ದರು. ನಾನು ಪಾತ್ರ ಮಾಡಲು ಸೇರಿದಾಗಲೇ ಅವಳಿಗೆ ಐವತ್ತು ದಾಟಿತ್ತು, ಹೆಸರೂ ಹಳತಾಗಿತ್ತು. ಹೊಸಬರು ಯಾರಾದರೂ ಸಂಕೋಚಪಟ್ಟುಕೊಂಡು ನಿಜವಾದ ಹೆಸರು ಕೇಳಿದರೆ, "ಅದು ಕಾಗದಪತ್ರಕ್ಕೆ ಕಣಪ್ಪ. ನೀನು ಚಿಂದಕ್ಕ ಅನ್ನು. ಚಿಂದಿ ಇಲ್ದೇ ಇದ್ದಿದ್ರೆ ನಿಮ್ಮ ರಾಜ ಬನಿಯನ್ನಲ್ಲೇ ಯುದ್ಧಕ್ಕೆ ಹೋಗ್ಬೇಕಿತ್ತು" ಎನ್ನುತ್ತಿದ್ದಳು.

ಅವಳ ಕೋಣೆ ರಂಗದ ಕೆಳಗಿನ ನೆಲಮಾಳಿಗೆಯಲ್ಲಿತ್ತು. ಇದ್ದ ಒಂದೇ ಕಿಟಕಿ ಬೀದಿಯ ಮಟ್ಟಕ್ಕಿತ್ತು. ಅದರಲ್ಲಿ ಹೋಗಿಬರುವವರ ಪಾದಗಳು ಮಾತ್ರ ಕಾಣುತ್ತಿದ್ದವು. ತಲೆಯ ಮೇಲಿನ ಹಲಗೆಗಳ ಮೇಲೆ ನಾವು ನಡೆದಾಡುವ ಸದ್ದಿನಲ್ಲೇ ಯಾರ ಲಂಗ ಕಾಲಿಗೆ ತೊಡರುತ್ತಿದೆ ಎಂದು ಅವಳು ಕಂಡುಹಿಡಿಯುತ್ತಿದ್ದಳು. ನೆಲದಿಂದ ಸೂರಿನವರೆಗೂ ಗೂಡುಗಳು, ಗೂಡಿನ ತುಂಬ ಚೀಲಗಳು. ಪ್ರತಿ ಚೀಲಕ್ಕೂ ಪಿನ್ನು ಚುಚ್ಚಿದ ಒಂದು ಚೀಟಿ. 'ತೋಳಾದೀತು', 'ಕಾಲರಾದೀತು', 'ಮುದುಕರಿಗೆ', 'ಸತ್ತವರಿಗೆ'. ಎಲ್ಲಕ್ಕಿಂತ ದೊಡ್ಡ ಚೀಲದ ಮೇಲೆ ಬರೆದಿದ್ದದ್ದು, 'ಏನೋ ಒಂದು ಆಗತ್ತೆ'.

ಬಟ್ಟೆ ಕತ್ತರಿಸುವ ಮೊದಲು ಇಡೀ ಬೆಳಿಗ್ಗೆ ಕಾಗದದ ನಮೂನೆಗಳನ್ನು ಅದರ ಮೇಲೆ ಅತ್ತ ಇತ್ತ ಸರಿಸುತ್ತ ಕೂರುವಳು. ತೋಳಿನ ಬಾಗಿನೊಳಗೆ ಕಾಲರು, ಕಾಲರಿನ ಮಗ್ಗುಲಲ್ಲಿ ಜೇಬು. ಆಮೇಲೂ ಉಳಿದದ್ದು ಚೀಲಕ್ಕೆ. ಚೀಲಕ್ಕೂ ಬೇಡವಾದ ದಾರದ ತುಂಡು, ಅಂಚಿನ ಎಳೆ ಎಲ್ಲ ಮಂತ್ರಿಯ ಸುಳ್ಳು ಹೊಟ್ಟೆಯೊಳಕ್ಕೆ. ಆ ಹೊಟ್ಟೆ ನಾಟಕದಿಂದ ನಾಟಕಕ್ಕೆ ಬೆಳೆಯುತ್ತಲೇ ಇತ್ತು. ಸೈಕಲ್ಲಿನ ಟ್ಯೂಬಿನಿಂದ ಸೈನಿಕರ ಸೊಂಟಪಟ್ಟಿ, ಆಸ್ಪತ್ರೆಯವರು ಎಸೆದ ಎಕ್ಸ್‌ರೇ ಹಾಳೆಯಿಂದ ರಾಣಿಯ ನೆಟ್ಟನೆಯ ಕಾಲರು, ಮುರಿದ ಕೊಡೆಗಳ ಬಟ್ಟೆಯಿಂದ ಮಾಟಗಾತಿಯ ಮೇಲಂಗಿ. ರಾಣಿಯಾಗಿ ನಾನು ತಲೆ ಎತ್ತಿ ನಿಂತಾಗ ನನ್ನ ಕತ್ತಿನ ಸುತ್ತ ಯಾರದೋ ಪಕ್ಕೆಲುಬುಗಳಿರುತ್ತಿದ್ದವು.

ಅವಳ ಹೆಮ್ಮೆಯೆಂದರೆ ರಾಜನ ನಿಲುವಂಗಿ. ನಲವತ್ತೊಂದು ತುಂಡು. ಒಂದರ ಕೆಳಗೊಂದು ಪದರ ಕೊಟ್ಟು, ರಟ್ಟು ಸೇರಿಸಿ, ಅಂಟು ಹಚ್ಚಿ, ಹೊಲಿಗೆಯ ಮೇಲೆ ಹೊಲಿಗೆ ಹಾಕಿ ಮಾಡಿದ್ದಳು. ಎದುರು ಸಾಲಿನಲ್ಲಿ ಕೂತವರಿಗೂ ಅದು ಎಲ್ಲೋ ಅರಮನೆಯಿಂದ ತಂದದ್ದು ಅನ್ನಿಸುತ್ತಿತ್ತು.

ಹೀಗಿರುವಾಗ ಬಸ್ ನಿಲ್ದಾಣದ ಹಿಂದಿದ್ದ ಒಂದು ಹಳೆಯ ವಸತಿಗೃಹ ಮುಚ್ಚುತ್ತಿದೆ, ಪರದೆಗಳನ್ನೆಲ್ಲ ಎಸೆಯುತ್ತಿದ್ದಾರೆ ಎಂಬ ಸುದ್ದಿ ಬಂತು. ಚಿಂದಕ್ಕ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಹೊರಟಳು. ಹೊರಲು ನಾನೂ ಹೋದೆ. ದ್ರಾಕ್ಷಿ ಬಣ್ಣದ ಮಖಮಲ್ ಪರದೆಗಳು, ಕುರ್ಚಿಯ ಹೊದಿಕೆಗಳು, ದಿಂಬಿನ ಗವಸುಗಳು.

"ನೋಡೇ, ಒಂದು ಕಡೇನೂ ಮಾಸಿಲ್ಲ" ಎಂದು ಪರದೆಗೆ ಕೆನ್ನೆ ಒತ್ತಿಕೊಂಡಳು. "ಇದನ್ನ ಕಸಕ್ಕೆ ಹಾಕ್ತಾರಂತೆ! ಇವರಿಗೆ ಏನು ಹೇಳಣ!"

ಹೊರಗಿನಿಂದ ಬಂದ ಬಟ್ಟೆಯನ್ನು ಮೂರು ದಿನ ಬಿಸಿಲಿಗೆ ಹಾಕದೆ ಒಳಗೆ ತರುವುದಿಲ್ಲ ಎಂಬುದು ಅವಳದೇ ನಿಯಮ. ಆ ವಾರ ಮಳೆ ಹಿಡಿದುಕೊಂಡಿತ್ತು. ಹೊಸ ನಾಟಕಕ್ಕೆ ಹನ್ನೆರಡೇ ದಿನ ಉಳಿದಿತ್ತು. ಬಾಗಿಲಲ್ಲೇ ನಾಲ್ಕು ಸಲ ಕೊಡವಿ, ಗಂಟುಗಳನ್ನು ಕೆಳಗೆ ಇಳಿಸಿದೆವು.

ಮೊದಲು ಕಚ್ಚಿಸಿಕೊಂಡವಳು ನಾನು. ತಾಲೀಮಿನಲ್ಲಿ ಹೊಸ ಮಖಮಲ್ ಕೋಟು ಹಾಕಿಕೊಂಡ ಎರಡನೇ ದಿನ ಕುತ್ತಿಗೆಯ ಸುತ್ತ ಸಾಲಾಗಿ ದದ್ದು ಎದ್ದವು. ಮುಖಕ್ಕೆ ಹಚ್ಚಿದ ಬಣ್ಣ ಒಗ್ಗಲಿಲ್ಲ ಅಂದುಕೊಂಡೆ. ನಾಲ್ಕನೇ ದಿನ ಕೋಟನ್ನು ಬಿಚ್ಚಿ ಕಾಲರು ಮಡಿಸಿ ನೋಡಿದರೆ, ಅಗಸೆ ಬೀಜದಂಥದ್ದೊಂದು ಸರಸರನೆ ಹೊಲಿಗೆಯ ಒಳಗೆ ಸರಿದುಹೋಯಿತು. ಕೋಟನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಕೆಳಗೆ ಓಡಿದೆ.

"ಅಕ್ಕಾ, ತಿಗಣೆ."

ಅವಳು ಕನ್ನಡಕ ಏರಿಸಿ, ಸೂಜಿಯ ತುದಿಯಿಂದ ಹೊಲಿಗೆ ಬಿಡಿಸಿ ನೋಡಿದಳು.

"ಯಾರಿಗೂ ಹೇಳ್ಬೇಡ. ಎರಡು ದಿನ ಕೊಡು ನಂಗೆ. ಇಸ್ತ್ರಿಪೆಟ್ಟಿಗೆ ಚೆನ್ನಾಗಿ ಕಾಯಿಸಿ ಒತ್ತಿಬಿಡ್ತೀನಿ."

ನಾನು ಹೇಳಲಿಲ್ಲ. ಎರಡು ದಿನ ಹೋಗಿ ಹತ್ತು ದಿನವಾಯಿತು. ಅವಳು ಒಂದೊಂದೇ ಅಂಗಿಯ ಒಂದೊಂದೇ ಹೊಲಿಗೆಯ ಮೇಲೆ ಇಸ್ತ್ರಿ ಒತ್ತುತ್ತ ಬಂದಳು; ಅವು ಒತ್ತಿದ ಕಡೆಯಿಂದ ಒತ್ತದ ಕಡೆಗೆ ಹೋದವು. 'ತೋಳಾದೀತು' ಚೀಲದಿಂದ 'ಮುದುಕರಿಗೆ' ಚೀಲಕ್ಕೆ, ಗೂಡಿನಿಂದ ಗೂಡಿಗೆ, ವೇಷದ ಪೆಟ್ಟಿಗೆಗಳ ಜೊತೆ ಮೆಟ್ಟಿಲು ಹತ್ತಿ ಸಭಾಂಗಣಕ್ಕೆ. ಆ ಹತ್ತು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದಕ್ಕೆ ನಾನು ಇವತ್ತಿಗೂ ನನ್ನನ್ನು ಬೈದುಕೊಳ್ಳುತ್ತೇನೆ.

ಹೊಸ ನಾಟಕದ ಎರಡನೇ ಪ್ರದರ್ಶನದಲ್ಲಿ, ಮಗನನ್ನು ಕಳೆದುಕೊಂಡ ರಾಣಿ ಅಳುವ ಹೊತ್ತಿಗೆ ಸರಿಯಾಗಿ, ಎರಡನೇ ಸಾಲಿನ ಹಿರಿಯರೊಬ್ಬರು ಎದ್ದು ನಿಂತು ಬೆನ್ನು ತುರಿಸಿಕೊಳ್ಳತೊಡಗಿದರು. ಪಕ್ಕದವರೂ ಎದ್ದರು. ಹಿಂದಿನ ಸಾಲಿನವರು ನಕ್ಕರು. ಮರುದಿನ ಬೆಳಿಗ್ಗೆ ಮ್ಯಾನೇಜರ ಬಾಗಿಲಲ್ಲಿ ಏಳು ಜನ ತೋಳು ಮಡಿಸಿ ತೋರಿಸುತ್ತ ನಿಂತಿದ್ದರು.

ಮ್ಯಾನೇಜರು ಕೆಟ್ಟವರಲ್ಲ. ಚಿಂದಕ್ಕನನ್ನು ಕೂರಿಸಿ, ನೀರು ಕೊಟ್ಟು, "ನಿಮ್ಮದೇನೂ ತಪ್ಪಿಲ್ಲ ಅಕ್ಕಾ" ಎಂದರು. ಬೈದಿದ್ದರೆ ಅವಳು ತಿರುಗಿಸಿ ಏನಾದರೂ ಅನ್ನುತ್ತಿದ್ದಳೇನೋ. ಬೈಯಲಿಲ್ಲವಾದ್ದರಿಂದ ನೀರು ಕುಡಿದು, ಲೋಟ ತೊಳೆದಿಟ್ಟು ಬಂದಳು.

ಔಷಧಿ ಹೊಡೆಯುವವನು ಬಂದ. ತೆಳ್ಳಗಿನ, ಮೃದು ಮಾತಿನ ಮನುಷ್ಯ. ನೆಲಮಾಳಿಗೆಯಲ್ಲಿ ಟಾರ್ಚು ಹಿಡಿದು ಒಂದು ಗಂಟೆ ಓಡಾಡಿ, ರಾಜನ ನಿಲುವಂಗಿಯ ಅಂಚನ್ನು ಮಡಿಸಿ ತೋರಿಸಿದ.

"ಕುರ್ಚಿಗಳನ್ನ ಉಳಿಸ್ಬಹುದು, ಗೋಡೆ ನೆಲಕ್ಕೂ ಔಷಧಿ ಇದೆ. ಈ ಬಟ್ಟೆಗಳದ್ದೇ ಕಷ್ಟ. ಒಂದೇ ಪದರದ್ದಾಗಿದ್ರೆ ಕುದಿನೀರಲ್ಲಿ ಅದ್ದಿ ತೆಗೆದ್ರೆ ಮುಗೀತಿತ್ತು. ಇದರಲ್ಲಿ ಹೊಲಿಗೆ ಜಾಸ್ತಿ, ಬಟ್ಟೆ ಕಮ್ಮಿ. ಅವಕ್ಕೆ ಇದಕ್ಕಿಂತ ಒಳ್ಳೇ ಮನೆ ಸಿಗಲ್ಲಮ್ಮ."

ಅವನು ಅದನ್ನು ಮೆಚ್ಚಿಕೆಯ ಹಾಗೇ ಹೇಳಿದ. ಪಾಪ, ಅವನಿಗೇನು ಗೊತ್ತು.

ಅವನು ಹೋದದ್ದೇ ತಡ, ಚಿಂದಕ್ಕ ಹಿತ್ತಿಲಲ್ಲಿ ದೊಡ್ಡ ಹಂಡೆಗೆ ನೀರು ಹಾಕಿ ಒಲೆ ಹಚ್ಚಿದಳು. ನೀರು ಕೊತಕೊತ ಕುದಿಯುವಾಗ ರಾಜನ ನಿಲುವಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಅದರೊಳಗೆ ಇಳಿಸಿದಳು. ನಾನು ಕೋಲು ಹಿಡಿದು ತಿರುವಿದೆ. ಮೊದಲು ಅಂಟು ಬಿಟ್ಟಿತು, ಆಮೇಲೆ ರಟ್ಟು ಮೆತ್ತಗಾಗಿ ಗಂಜಿಯಾಯಿತು. ಒಂದೊಂದಾಗಿ ತುಂಡುಗಳು ಬಿಡಿಸಿಕೊಂಡು ಮೇಲೆ ತೇಲಿದವು.

"ಅದು ಸೋಫಾದ್ದು" ಎಂದಳು. "ಅದು ಶಾಲೆ ಲಂಗದ್ದು. ಅಗೋ, ಅದು ನನ್ನ ಗಂಡನ ಕೋಟಿನ ಒಳಬಟ್ಟೆ."

ಕೋಲಿನಿಂದ ಎತ್ತಿ ಕಲ್ಲಿನ ಮೇಲೆ ಹರಡಿದೆವು. ಬಣ್ಣ ಒಂದಕ್ಕೊಂದು ಹತ್ತಿ ಎಲ್ಲವೂ ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಅವಳು ಕೂತು ತಲೆಯ ಮೇಲೆ ಕೈಹೊತ್ತುಕೊಂಡಳು. ಇನ್ನೊಂದು ಬಟ್ಟೆಯನ್ನು ಹಂಡೆಗೆ ಹಾಕುವ ಧೈರ್ಯ ನಮಗಿಬ್ಬರಿಗೂ ಬರಲಿಲ್ಲ.

ಇನ್ನೊಂದು ದಾರಿ ಇತ್ತು. ಎಲ್ಲವನ್ನೂ ಗಾಳಿಯಾಡದಂತೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ಒಂದೂವರೆ ವರ್ಷ ಮುಟ್ಟದೆ ಇಟ್ಟರೆ ಒಳಗಿರುವವು ಹಸಿದು ಸಾಯುತ್ತವೆ ಎಂದು ಔಷಧಿಯವನೇ ಹೇಳಿದ್ದ. "ಇಡಕ್ಕೆ ಜಾಗ ಹುಡುಕಿ ಅಕ್ಕಾ. ಈ ಕಟ್ಟಡದಲ್ಲಿ ಮಾತ್ರ ಬೇಡ" ಎಂದರು ಮ್ಯಾನೇಜರು. ಭಾನುವಾರದವರೆಗೆ ಸಮಯ ಕೊಟ್ಟರು. ಚೀಲಗಳು ನೂರ ಅರವತ್ತು ಆಗುತ್ತಿದ್ದವು.

ಅವಳ ಜೊತೆ ನಾನೂ ಅಲೆದೆ. ಮರದ ಅಡ್ಡೆಯವನ ಹತ್ತಿರ ಖಾಲಿ ಗೋದಾಮಿತ್ತು. ಅವನು ಆಗಲಿ ಎಂದು ತಲೆ ಆಡಿಸುತ್ತಲೇ ಕೇಳಿದ, "ಒಳಗೇನಿದೆ?"

"ನಾಟಕದ ಬಟ್ಟೆ" ಎಂದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಾನು ಅವಳ ಕೈ ಚಿವುಟಿದೆ. "ತಿಗಣೆ ಇದೆ. ಆದ್ರೆ ಗಟ್ಟಿಯಾಗಿ ಕಟ್ಟಿರ್ತೀವಿ, ಒಂದೂ ಹೊರಗೆ ಬರಲ್ಲ" ಎಂದು ಪೂರ್ತಿ ಹೇಳಿದಳು. ಅವನು ನಮಗೆ ಕೈಮುಗಿದ.

ಶಾಲೆಯ ಹೆಡ್ಮೇಷ್ಟ್ರು, ಗಿರಣಿಯವನು, ಹಳೆ ಬಣ್ಣದಂಗಡಿಯವಳು, ಎಲ್ಲರ ಹತ್ತಿರವೂ ಅದೇ ಪ್ರಶ್ನೆ, ಅದೇ ಉತ್ತರ. ಕೊನೆಗೆ ಅವಳ ಸ್ವಂತ ತಂಗಿ. ತಂಗಿಯ ಮನೆಯಲ್ಲಿ ಕಾರಿಲ್ಲದ ಕಾರುಕೋಣೆ ಇತ್ತು. ಎಲ್ಲ ಕೇಳಿಸಿಕೊಂಡ ತಂಗಿ ಹೊಸ್ತಿಲಲ್ಲೇ ನಿಂತು ಕಣ್ಣು ಒರೆಸಿಕೊಂಡಳು.

"ನೀನು ಹೇಳ್ದೇ ಇದ್ದಿದ್ರೆ ಇಟ್ಕೊಳ್ತಿದ್ದೆ ಕಣಕ್ಕ. ಈಗ ಹೆಂಗೆ ಇಟ್ಕೊಳ್ಳಲಿ ಹೇಳು?"

ಒಳಗೆ ಬಾ ಎಂದೂ ಅವಳು ಕರೆಯಲಿಲ್ಲ.

ಅಷ್ಟರಲ್ಲಿ ಅವಳ ಮನೆಯಲ್ಲೂ ತಿಗಣೆ ಕಾಣಿಸಿಕೊಂಡಿತ್ತು. ಚಿಂದಕ್ಕ ಇದ್ದದ್ದು ಮಗಳು ಅಳಿಯನ ಜೊತೆ, ಎರಡು ಕೋಣೆಯ ಮನೆಯಲ್ಲಿ. ಅಲ್ಲಿ ಎಂಟು ತಿಂಗಳ ಮೊಮ್ಮಗಳು. ಪರದೆಯಲ್ಲಿ ಉಳಿದ ಮೆತ್ತನೆಯ ತುಂಡುಗಳನ್ನು ಜೋಡಿಸಿ ಅವಳೇ ಮಗುವಿಗೊಂದು ಹೊದಿಕೆ ಹೊಲಿದುಕೊಟ್ಟಿದ್ದಳು. ಒಂದು ಬೆಳಿಗ್ಗೆ ಮಗುವಿನ ಕೆನ್ನೆಯ ಮೇಲೆ ಮೂರು ಕೆಂಪು ಚುಕ್ಕಿ. ಮಗಳು ಕೂಗಾಡಲಿಲ್ಲ. ಬಾಗಿಲ ಹೊರಗೆ ಒಂದು ಬಕೆಟ್ಟು ಇಟ್ಟಳು. ಅಮ್ಮ ಕೆಲಸದಿಂದ ಬಂದರೆ ಚಪ್ಪಲಿ, ಕೈಚೀಲ ಅಲ್ಲೇ ಬಿಟ್ಟು, ಬಚ್ಚಲಿಗೆ ಹೋಗಿ ಬಟ್ಟೆ ಬದಲಿಸಬೇಕು, ತೆಗೆದದ್ದು ನೇರ ಬಕೆಟ್ಟಿಗೆ. ಅದೂ ಸಾಲಲಿಲ್ಲ.

"ಅಮ್ಮಾ, ಸ್ವಲ್ಪ ದಿನ ಮಗೂನ ಎತ್ಕೋಬೇಡ" ಎಂದಳಂತೆ ಮಗಳು, ಮುಖ ಆಚೆ ತಿರುಗಿಸಿ. "ಕೋಪಕ್ಕಲ್ಲ ಅಮ್ಮಾ. ನಂಗೆ ಭಯ ಆಗತ್ತೆ."

ಇದನ್ನು ನನಗೆ ಹೇಳುವಾಗ ಚಿಂದಕ್ಕ ಮಗಳ ಕಡೆಗೇ ವಾದಿಸಿದಳು. "ಅವಳು ಹೇಳಿದ್ದು ಸರಿನೇ. ನಾನಾಗಿದ್ರೆ ಮನೆಯಿಂದಾನೇ ಆಚೆ ಹಾಕ್ತಿದ್ದೆ."

ಶುಕ್ರವಾರದ ಹೊತ್ತಿಗೆ ನಾವು ಕೇಳಬೇಕಾದವರನ್ನೆಲ್ಲ ಕೇಳಿ ಮುಗಿದಿತ್ತು. ಮ್ಯಾನೇಜರು ಊರಾಚೆಯ ಕಸ ಸುಡುವ ಭಟ್ಟಿಯವರಿಗೆ ಹೇಳಿ ಲಾರಿ ಗೊತ್ತು ಮಾಡಿದರು. ಗುಂಡಿ, ಕೊಕ್ಕೆ, ಲೋಹದ ಬಿಲ್ಲೆ ಇಂಥವನ್ನು ಕುದಿಸಿ ಇಟ್ಟುಕೊಳ್ಳಬಹುದು ಎಂದು ಔಷಧಿಯವನು ಒಪ್ಪಿದ. ಚಿಂದಕ್ಕ ರಬ್ಬರಿನ ಕೈಗವಸು ಹಾಕಿಕೊಂಡು ನೆಲಮಾಳಿಗೆಯಲ್ಲಿ ಕೂತು, ಒಂದೊಂದೇ ಅಂಗಿಯನ್ನು ಬಿಳಿ ಹಾಳೆಯ ಮೇಲೆ ಹಾಸಿ ಗುಂಡಿ ಕತ್ತರಿಸಿದಳು. ನಾವು ನಟರು ಇಬ್ಬರು ಮೂವರು ಇಳಿದು ಸಹಾಯಕ್ಕೆ ನಿಂತೆವು. ಮಂತ್ರಿಯ ಪಾತ್ರದವನು ತನ್ನ ಹೊಟ್ಟೆಯನ್ನು ತಾನೇ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತ, "ನಂಗೂ ತೆಳ್ಳಗಾಗ್ಬೇಕು ಅಂತ ಆಸೆ ಇತ್ತು ಬಿಡಿ ಅಕ್ಕಾ" ಎಂದ. ಅವಳೂ ನಕ್ಕಳು. ನಕ್ಕು ಮುಗಿಸುವಷ್ಟರಲ್ಲಿ ಅವನೇ ಅಳುತ್ತಿದ್ದ.

ಲಾರಿ ಭಾನುವಾರ ಬರಬೇಕಾದದ್ದು ಶನಿವಾರ ಮಧ್ಯಾಹ್ನವೇ ಬಂತು. ಡ್ರೈವರನಿಗೆ ಭಾನುವಾರ ಬೇರೆ ಕೆಲಸವಿತ್ತಂತೆ. ಗೂಡುಗಳಲ್ಲಿ ಇನ್ನೂ ಅರ್ಧದಷ್ಟು ಹಾಗೇ ಇತ್ತು.

"ಒಂದು ಗಂಟೆ ಕೊಡಪ್ಪಾ" ಎಂದಳು ಚಿಂದಕ್ಕ.

"ಭಟ್ಟಿ ಐದಕ್ಕೆ ಮುಚ್ತಾರಮ್ಮ."

ಆಳುಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಚೀಲ ಹೊತ್ತರು. ಅವಳು ಮೆಟ್ಟಿಲ ಬದಿಗೆ ಸರಿದು ದಾರಿ ಬಿಟ್ಟು ನಿಂತಳು. ಕತ್ತರಿ ಇನ್ನೂ ಕೈಯಲ್ಲೇ ಇತ್ತು. ಎದುರಿಗೆ ಹಾದುಹೋದ ಒಂದು ಚೀಲದ ಬಾಯಿಂದ ಸೇನಾಪತಿಯ ತೋಳು ಹೊರಗೆ ಜೋತಾಡುತ್ತಿತ್ತು. ಅದರ ಮುಂಗೈಗೆ ಆರು ಹಿತ್ತಾಳೆ ಗುಂಡಿ. ಅವಳು ಕೈ ಚಾಚಿದಳು. ಆಳು ನಿಲ್ಲಲಿಲ್ಲ. ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡಳು. ಒಂದೂವರೆ ಗಂಟೆಯಲ್ಲಿ ನೆಲಮಾಳಿಗೆ ಬರಿದಾಯಿತು. ಮಾತಾಡಿದರೆ ಮಾರ್ದನಿ ಬರುವಷ್ಟು ದೊಡ್ಡ ಕೋಣೆ ಅದೆಂದು ನಮಗೆ ಆವತ್ತೇ ಗೊತ್ತಾದದ್ದು.

ಆಮೇಲೆ ಔಷಧಿ ಹೊಡೆದರು, ಸುಣ್ಣ ಬಳಿದರು. ವೇಷಗಳು ಬಾಡಿಗೆಯ ಅಂಗಡಿಯಿಂದ ಬರತೊಡಗಿದವು, ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಂದೊಂದೂ ಒಂದೊಂದು ಕೊಕ್ಕೆಗೆ ನೇತುಹಾಕಿ. ನಾಟಕ ಮುಗಿದ ಮೇಲೆ ಹಾಗೇ ವಾಪಸ್ಸು. ಚಿಂದಕ್ಕನನ್ನು ಕೆಲಸದಿಂದ ತೆಗೆಯಲಿಲ್ಲ. ಬಂದ ಬಟ್ಟೆ ಎಣಿಸಿ, ಇಸ್ತ್ರಿ ಮಾಡಿ, ನಮಗೆ ತೊಡಿಸಿ, ಮತ್ತೆ ಎಣಿಸಿ ಕಳಿಸುವ ಕೆಲಸ ಕೊಟ್ಟರು. ನನಗೆ ಬಂದ ರಾಣಿಯ ಉಡುಪು ಸೊಂಟದಲ್ಲಿ ಸಡಿಲವಾಗಿತ್ತು. ಹಿಂದಿನಿಂದ ಹಿಡಿದು ಪಿನ್ನು ಚುಚ್ಚುತ್ತ, "ಕತ್ತರಿ ಹಾಕೋ ಹಂಗಿಲ್ಲ ಕಣೇ, ನಮ್ಮದಲ್ಲ" ಎಂದಳು. ವೇಷದ ಬಗ್ಗೆ ಅವಳು ಅಲ್ಲಿ ಆಡಿದ ಮಾತು ಹೆಚ್ಚು ಕಮ್ಮಿ ಅಷ್ಟೇ. ಎಂಟು ತಿಂಗಳು ಹಾಗೆ ಬಂದುಹೋಗಿ, ಒಂದು ಸೋಮವಾರದಿಂದ ಬರುವುದನ್ನು ನಿಲ್ಲಿಸಿದಳು.

ಹೋದ ತಿಂಗಳು ಅವಳ ಮನೆಗೆ ಹೋಗಿದ್ದೆ. ಬಾಗಿಲಲ್ಲಿ ಬಕೆಟ್ಟಿರಲಿಲ್ಲ. ಮಗಳೇ ನಗುತ್ತ ಒಳಗೆ ಕರೆದಳು. ಮಗು ಅಜ್ಜಿಯ ಮಂಡಿ ಹಿಡಿದುಕೊಂಡು ನಿಂತಿತ್ತು. ಕಂಕುಳಲ್ಲಿ ಹೊಲಿಗೆ ಬಿಟ್ಟ ನನ್ನದೊಂದು ಅಂಗಿ ತೆಗೆದುಕೊಂಡು ಹೋಗಿದ್ದೆ. ನಿಜ ಹೇಳಬೇಕೆಂದರೆ, ಏನಾದರೂ ಒಂದು ಹೊಲಿಗೆ ಅವಳ ಕೈಗೆ ಕೊಡಬೇಕು ಅನ್ನಿಸಿತ್ತು.

ಚಿಂದಕ್ಕ ಅಂಗಿಯನ್ನು ತಿರುವಿ, ಕಿಟಕಿಯ ಬೆಳಕಿಗೆ ಹಿಡಿದು, ಒಳಗಿನ ಒಂದೊಂದು ಹೊಲಿಗೆಯನ್ನೂ ಉಗುರಿನಿಂದ ಅಗಲಿಸಿ ನೋಡಿದಳು. ಕಾಲರು, ತೋಳು, ಅಂಚು. ಮತ್ತೆ ಕಾಲರಿನಿಂದ. ಅವಳ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿ, ಸುಮ್ಮನಿರು ಎನ್ನುವಂತೆ ತಲೆ ಆಡಿಸಿದಳು.

"ಏನೂ ಇಲ್ಲ ಅಕ್ಕಾ" ಎಂದೆ.

"ಇಲ್ಲ, ಇಲ್ಲ. ಗೊತ್ತು." ಅಂಗಿಯನ್ನು ನೀಟಾಗಿ ಮಡಿಸಿ ನನ್ನ ತೊಡೆಯ ಮೇಲಿಟ್ಟಳು. "ಇದನ್ನ ಬಿಟ್ಟುಬಿಡು. ಹೊಸದೊಂದು ತಗೋ."

ಆಮೇಲೆ ಮಗುವಿಗೆ ಎಷ್ಟು ಹಲ್ಲು ಬಂದಿದೆ ಎಂದು ಮಾತಾಡಿದೆವು. ಮೇಲೆ ನಾಲ್ಕು, ಕೆಳಗೆ ನಾಲ್ಕು ಬಂದಿದ್ದವು. ಅದು ಬಾಯಿ ತೆರೆದು ತೋರಿಸಿತು.