ನಾಲ್ಕನೆಯ ಮನೆಯ ಸ್ವರ

ಹಿತ್ತಾಳೆ, ಹಳೆಯ ಕಟ್ಟಿಗೆ, ಒಣಗಿದ ಉಸಿರು, ಈ ಮೂರೂ ಸೇರಿದ ವಾಸನೆ. ಮೊನ್ನೆ ಕಪಾಟು ಬರಿದು ಮಾಡುವಾಗ ಸ್ಟೀಲಿನ ಡಬ್ಬಿಯೊಂದರ ಮುಚ್ಚಳ ತೆಗೆದದ್ದೇ ತಡ, ಅದು ಮೂಗಿಗೆ ಬಡಿದು ನೆಲದ ಮೇಲೇ ಕುಳಿತುಬಿಟ್ಟೆ. ಒಳಗಿದ್ದದ್ದು ಸದಾಶಿವ ಕಾಕಾನ ಮೌತ್ ಆರ್ಗನ್. ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಇದ್ದೀತು, ತೆರೆಯಲೂ ಆಗದ, ಎಸೆಯಲೂ ಆಗದ ಡಬ್ಬಿ. ಹಿಮಾಯತ್‌ನಗರದ ಒಳಗಲ್ಲಿಯಲ್ಲಿ ನಾವಿದ್ದ ಮಹಡಿ ಮನೆ ಈಗಿಲ್ಲ, ಅಲ್ಲಿ ಗಾಜಿನ ಬಾಗಿಲಿನ ಸೀರೆ ಅಂಗಡಿ ಎದ್ದಿದೆ. ಮಾಳಿಗೆಯ ಮೇಲಿನ ನೀರಿನ ಟಾಂಕಿ, ಅಜ್ಜಿ ರೊಟ್ಟಿ ಬಡಿಯುವ ಸದ್ದು, ಹೊರಗೆ ತೆಲುಗು ಆಡಿ ಹೊಸ್ತಿಲು ದಾಟಿದೊಡನೆ ರಾಯಚೂರಿನ ಕನ್ನಡಕ್ಕೆ ಹೊರಳುತ್ತಿದ್ದ ನಾವು, ಎಲ್ಲವೂ ಹೋಯಿತು.

ಕಾಕಾ ಅಪ್ಪನ ತಮ್ಮ, ಮದುವೆಯಾಗದವನು. ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದಲ್ಲಿ ಸಾಮಾನು ತೂಗುವ ಕೆಲಸ ಅವನದು. ಯಾರೋ ಪರದೇಶದ ಪ್ರಯಾಣಿಕ ಕೊಟ್ಟುಹೋದ ಆ ಹತ್ತು ತೂತಿನ ಬಾಜಾದಲ್ಲಿ ಬ್ಲೂಸ್ ಎಂಬ ಪರದೇಶದ ಹಾಡು ನುಡಿಸುವುದನ್ನು ತಾನೇ ಕಲಿತಿದ್ದ. "ರಾಶಿ ಕಣದಾಗ ಹಾಡೋ ನಮ್ಮ ಹಂತಿ ಪದ ಇದ್ದಂಗ ಐತಿ ಪುಟ್ಟಿ, ದುಡದು ದಣದವರ ಹಾಡು," ಎನ್ನುತ್ತಿದ್ದ. ತೂತುಗಳನ್ನು ಅವನು ಮನೆಗಳೆಂದೇ ಕರೆಯುತ್ತಿದ್ದದ್ದು. ನಾನು ನಾಲ್ಕನೆಯ ಮನೆ ಊದಿದರೆ ಅಕ್ಕಪಕ್ಕದವೂ ಜೊತೆಗೇ ಕಿರುಚುತ್ತಿದ್ದವು. "ನೋಡು, ಬಾಜೂ ಮನಿಯವರೂ ಎದ್ದು ಬಂದ್ರು!" ಎಂದು ನಕ್ಕು, ತನ್ನ ಎರಡು ಬೆರಳಿನಿಂದ ಮೂರನೆಯದನ್ನೂ ಐದನೆಯದನ್ನೂ ಮುಚ್ಚಿ ಹಿಡಿಯುತ್ತಿದ್ದ. ಆಗ ನಾಲ್ಕನೆಯದು ಒಂದೇ ಶುದ್ಧವಾಗಿ ಹೊರಡುತ್ತಿತ್ತು. ಬೆರಳು ತೆಗೆದರೆ ಮತ್ತೆ ಅದೇ ಗದ್ದಲ. "ತುಟಿ ಸಣ್ಣ ಮಾಡು, ಆದ್ರ ಬಿಗಿಬ್ಯಾಡ. ಊದಬ್ಯಾಡ, ಸುಮ್ನ ಉಸಿರಾಡು," ಎನ್ನುತ್ತಿದ್ದ.

ಅಜ್ಜಿಗೆ ಮಾತ್ರ ಈ ಬಾಜಾ ಕಂಡರಾಗದು. ಲೋಟವನ್ನೂ ತುಟಿಗೆ ತಾಗಿಸದೆ ಮೇಲಿನಿಂದ ನೀರು ಕುಡಿಯುವ ಮನೆಯಲ್ಲಿ, ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುವ ವಸ್ತು! "ಎಂಜಲ ಐತೋ, ತೊಳದು ಕೊಡೋ," ಎಂದು ಗದರುತ್ತಿದ್ದಳು. ಕಾಕಾ ಒಣ ಕರವಸ್ತ್ರದಿಂದ ಒರೆಸಿ ನಗುತ್ತಿದ್ದ. ಯಾಕೆ ತೊಳೆಯಬಾರದೆಂದು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ.

ವಿಮಾನಗಳೆಲ್ಲ ಶಂಶಾಬಾದ್‌ನ ಹೊಸ ನಿಲ್ದಾಣಕ್ಕೆ ಹೋದ ವರ್ಷ ಕಾಕಾನ ಶ್ವಾಸಕೋಶ ಕೈಕೊಟ್ಟಿತು. ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಒಂದು ದಿನ ಬಾಜಾವನ್ನು ನನ್ನ ಉಡಿಯಲ್ಲಿಟ್ಟು, "ಇನ್ನ ನನ್ನ ಕೈಲೆ ಆಗಂಗಿಲ್ಲ. ಒಂದು ಸುರ ಕೇಳಿಸಿಬಿಡು ಪುಟ್ಟಿ. ಬಾಜೂ ಮನಿಯವರು ಇರಬಾರದು," ಎಂದ. ಆ ಸ್ವರ ಬಂದರೆ ಕಾಕಾ ಉಳಿಯುತ್ತಾನೆ ಎಂದು ನನಗೆ ನಾನೇ ಕರಾರು ಮಾಡಿಕೊಂಡೆ. ಹತ್ತು ವರ್ಷದ ಹುಡುಗಿಗೆ ಬೇರೇನು ಗೊತ್ತು? ಶಾಲೆಯಿಂದ ಬಂದವಳೇ ಟಾಂಕಿಯ ಹಿಂದೆ ಕೂತು ಊದುತ್ತಿದ್ದೆ. ತುಟಿಯ ಮೂಲೆ ಸೀಳಿ ಉಪ್ಪುಪ್ಪಾಗುತ್ತಿತ್ತು. ಕೆಳಗಿನಿಂದ ಅವನ ಕೆಮ್ಮು ಕೇಳಿದಷ್ಟೂ ಗಾಬರಿಯಾಗಿ ಜೋರಾಗಿ ಊದುತ್ತಿದ್ದೆ. ಜೋರಾಗಿ ಊದಿದಷ್ಟೂ ಮನೆಗಳೆಲ್ಲ ಒಟ್ಟಿಗೆ ಅರಚುತ್ತಿದ್ದವು. ಸಿಟ್ಟು ಬಂದು ಅದನ್ನು ಗೋಡೆಗೆ ಎಸೆಯಹೋದದ್ದೂ ಉಂಟು.

ಕೊನೆಗೆ ಒಂದು ಮಧ್ಯಾಹ್ನ, ಅತ್ತತ್ತು ದಣಿದು ತುಟಿ ತಾನಾಗಿ ಸಡಿಲಾಗಿದ್ದಾಗ, ಅದು ಬಂತು. ನಾಲ್ಕನೆಯದು, ಒಂದೇ. ಇನ್ನೊಮ್ಮೆ ಊದಿದೆ, ಮತ್ತೆ ಬಂತು. ಕೆಳಗೆ ಓಡಿದರೆ ಕಾಕಾಗೆ ಆಗಷ್ಟೇ ನಿದ್ದೆ ಹತ್ತಿತ್ತು. ಸಂಜೆ ಅವನನ್ನು ದವಾಖಾನೆಗೆ ಸೇರಿಸುವುದಿತ್ತು. "ಎಬ್ಬಿಸಬ್ಯಾಡ, ಎದ್ದ ಮ್ಯಾಲೆ ಕೇಳಿಸು," ಎಂದ ಅಪ್ಪ. ನನ್ನ ಸ್ವರ ಕೇಳಿದರೆ ಕಾಕಾ ಖಂಡಿತ ತಾನೂ ಒಮ್ಮೆ ಬಾಯಿಗಿಡುತ್ತಾನೆ ಎನಿಸಿತು. ಅವನ ಬಾಯಿಗೆ ಹೊಲಸೇನೂ ತಾಗಬಾರದೆಂದು ಡಾಕ್ಟರು ಹೇಳಿದ್ದರು. ಬಾಜಾ ತೊಳೆದು ಕೊಡೆಂದು ನಾನೇ ಅಜ್ಜಿಯ ಬಳಿ ಹೋದೆ. ಅಜ್ಜಿ ಅವನ ಲೋಟ ಅದ್ದುತ್ತಿದ್ದ ಕುದಿನೀರಿನಲ್ಲೇ ಬಾಜಾವನ್ನೂ ಮುಳುಗಿಸಿ, ನನ್ನ ತಲೆ ಸವರಿದಳು. ಅದನ್ನು ಅವಳು ಮುಟ್ಟಿದ್ದು ಅದೇ ಮೊದಲು.

ಕಾಕಾ ಎದ್ದು ದಿಂಬಿಗೊರಗಿದ. ಊದಿದೆ. ಬರೀ ಗಾಳಿ. ಬಾಜಾದ ಒಳಗಿನ ಕಟ್ಟಿಗೆ ನೀರು ಕುಡಿದು ಉಬ್ಬಿ, ಸ್ವರ ಹೊರಡಿಸುವ ಹಿತ್ತಾಳೆಯ ಪಟ್ಟಿಗಳೆಲ್ಲ ಸಿಕ್ಕಿಕೊಂಡಿದ್ದವು. ಅವನು ರೂಢಿಯಂತೆ ಬೆರಳು ಚಾಚಿ ಮೂರನ್ನೂ ಐದನ್ನೂ ಮುಚ್ಚಿದ. ಮತ್ತೆ ಗಾಳಿಯೇ. "ಬಂದಿತ್ತು ಕಾಕಾ, ನಿನ್ನಾಣಿ ಬಂದಿತ್ತು!" ಎಂದು ಬಿಕ್ಕಿದೆ. ನನ್ನ ಸೀಳಿದ ತುಟಿಯನ್ನು ನೋಡಿ, "ಗೊತ್ತಾತು ಬಿಡು. ಒಣಗಿಸು, ನಾ ಬಂದ ಮ್ಯಾಲೆ ಕೇಳತೀನಿ," ಎಂದ. ಅವನು ಬರಲಿಲ್ಲ.

ಅವನನ್ನು ಮಣ್ಣು ಮಾಡಿ ಬಂದ ಮರುದಿನ ಮಾಳಿಗೆಯ ಬಿಸಿಲಿಗೆ ಕಟ್ಟಿಗೆ ಒಣಗಿತ್ತು. ಊದಿದೆ. ನಾಲ್ಕನೆಯದು ಒಂದೇ ನುಡಿಯಿತು. ಸದ್ದು ಕೇಳಿ ಅಜ್ಜಿ ಏದುಸಿರು ಬಿಡುತ್ತ ಹತ್ತಿ ಬಂದಳು. ಬೈಯುತ್ತಾಳೆಂದು ಹೆದರಿ ಫ್ರಾಕಿನ ಅಂಚಿನಿಂದ ಒರೆಸಹೋದೆ. ನನ್ನ ಕೈ ತಳ್ಳಿ, ಹಸಿ ಎಂಜಲಿನ ಬಾಜಾವನ್ನು ಕಸಿದು ತನ್ನ ತುಟಿಗೆ ಒತ್ತಿಕೊಂಡಳು. ಮನೆಗಳೆಲ್ಲ ಒಟ್ಟಿಗೆ ಗೊರಗುಟ್ಟಿದವು. "ಅವನ ಉಸಿರು ಇತ್ತಲ್ಲೇ ಇದರಾಗ," ಎಂದಳು. "ನಾವ ತೊಳದು ಚೆಲ್ಲಿಬಿಟ್ವಿ."

ಅಜ್ಜಿಯೂ ಹೋಗಿ ವರ್ಷಗಳಾದವು. ಮೊನ್ನೆ ಅದನ್ನು ಒರೆಸದೆಯೇ ಬಾಯಿಗಿಟ್ಟೆ. ತುಟಿ ಮರೆತಿರಲಿಲ್ಲ, ನಾಲ್ಕನೆಯದು ಒಂದೇ ಬಂತು. ಆ ಒಂಟಿ ಸ್ವರ ತಡೆದುಕೊಳ್ಳಲು ಆಗಲಿಲ್ಲ. ಬಾಯಿ ಅಗಲಿಸಿ ಜೋರಾಗಿ ಊದಿದೆ, ಬಾಜೂ ಮನೆಯವರೆಲ್ಲ ಎದ್ದು ಬರಲೆಂದು. ಬಂದರು. ಬೆರಳಿಟ್ಟು ಮುಚ್ಚಲು ಯಾರೂ ಇರಲಿಲ್ಲ.