ಬಿರುಕಿಗೆ ಸವರಿದ ಸಿಮೆಂಟು

ಇದನ್ನು ಬರೆಯಬೇಕೆಂದು ಹೋದ ಮಳೆಗಾಲದಿಂದ ಅಂದುಕೊಳ್ಳುತ್ತಿದ್ದೇನೆ. ಕೈ ವಾಸಿಯಾಗಲಿ ಎಂದು ನೆಪ ಹೇಳಿಕೊಂಡೆ. ಈಗ ಪೆನ್ನು ಹಿಡಿಯುವಷ್ಟು ವಾಸಿಯಾಗಿದೆ. ನೆಪ ಉಳಿದಿಲ್ಲ.

ನಾನು ಗಾರೆ ಕೆಲಸದವನು. ತೊಣ್ಣೂರು ಕೆರೆಯ ಹತ್ತಿರದ ಊರು. ಎಸ್ಸೆಸ್ಸೆಲ್ಸಿ ಮುಗಿಸಿ ಕರಣೆ ಹಿಡಿದೆ, ಮೇಸ್ತ್ರಿಯಾದೆ. ಕೆಂಪು ನೆಲ ಮಾಡುವುದರಲ್ಲಿ ನನಗೆ ಹೆಸರಿತ್ತು. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ಬಳಿದು, ಹಸಿ ಆರುವ ಮುಂಚೆ ಬರಿಯ ಅಂಗೈಯಲ್ಲಿ ಉಜ್ಜಬೇಕು. ಹಾಗೆ ಉಜ್ಜಿದ ನೆಲದಲ್ಲಿ ಮುಖ ಕಾಣುತ್ತದೆ. ಟೈಲ್ಸ್ ಬಂದ ಮೇಲೆ ಅದನ್ನು ಕೇಳುವವರಿಲ್ಲದೆ, ವಯಸ್ಸೂ ಆಗಿ, ಮನೆಯಲ್ಲಿ ಕುಳಿತಿದ್ದೆ. ಹೋದ ವರ್ಷ ಶ್ರೀರಂಗಪಟ್ಟಣದಲ್ಲಿ ಮನೆ ಕಟ್ಟಿಸುತ್ತಿದ್ದವರೊಬ್ಬರು ಹಳೆಯ ಕಾಲದ ಕೆಂಪು ನೆಲವೇ ಬೇಕೆಂದು ಹುಡುಕಿಕೊಂಡು ಬಂದರು. ಸಂತೋಷದಿಂದ ಹೋದೆ. ಅವರು ರಬ್ಬರ್ ಗ್ಲೌಸ್ ತಂದುಕೊಟ್ಟರು.

"ಇದ ಆಕ್ಕಂಡ್ರೆ ನೆಲ ಕೈಗೆ ಸಿಗಾಕಿಲ್ಲ ಸ್ವಾಮಿ" ಎಂದು ನಕ್ಕು ಪಕ್ಕಕ್ಕಿಟ್ಟೆ.

ನಡುಮನೆ ಮುಗಿಯುವಷ್ಟರಲ್ಲಿ ಬೆರಳ ಸಂದಿಯಲ್ಲಿ ತುರಿಕೆ. ಆಮೇಲೆ ನೀರುಗುಳ್ಳೆ. ಆಮೇಲೆ ಅಂಗೈ ದಪ್ಪವಾಗಿ, ನೀರು ಹೊಡೆಯದೆ ಬಿಟ್ಟ ಗೋಡೆಯ ಗಿಲಾವಿನ ಹಾಗೆ ಬಿರುಕು ಬಿಟ್ಟಿತು. ಇದಕ್ಕೆ ನಮ್ಮ ತಂಡದಲ್ಲಿ ಒಂದು ಮದ್ದಿತ್ತು. ಸಿಮೆಂಟನ್ನು ತೆಳ್ಳಗೆ ಕಲಸಿದರೆ ಅದಕ್ಕೆ ಹಾಲು ಎನ್ನುತ್ತೇವೆ. ಆ ಹಾಲನ್ನೇ ಬಿರುಕಿಗೆ ಸವರಿ ಒಣಗಿಸುವುದು. ಗೋಡೆಯ ಬಿರುಕು ಮುಚ್ಚುವ ನಾವು ಕೈಯ ಬಿರುಕನ್ನೂ ಹಾಗೇ ಮುಚ್ಚುತ್ತಿದ್ದೆವು. ಈ ಸಲವೂ ಅದನ್ನೇ ಸವರಿಕೊಂಡೆ. ಎರಡು ದಿನ ಗಟ್ಟಿಯಾದಂತೆ ಇರುತ್ತಿತ್ತು. ಮತ್ತೆ ಒಡೆಯುತ್ತಿತ್ತು, ಮೊದಲಿಗಿಂತ ಆಳಕ್ಕೆ.

ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದಿದ್ದೆ. ಹೊಗೆಯಾಡುತ್ತಿತ್ತು. ಬೆರಳಿಗೆ ಬಿಸಿಯೇ ತಿಳಿಯಲಿಲ್ಲ.

ಕುಷ್ಠ, ಅಂದುಕೊಂಡೆ.

ನಮ್ಮ ಕಡೆ ಅದಕ್ಕೆ ದೊಡ್ಡರೋಗ ಎನ್ನುತ್ತಾರೆ. ಯಾರಿಗೂ ಬಾಯಿ ಬಿಡಲಿಲ್ಲ. ಕೈಗೆ ಟವೆಲ್ ಸುತ್ತಿಕೊಂಡು ಓಡಾಡಿದೆ. ಮೊಮ್ಮಗಳು ತೊಡೆ ಏರಲು ಬಂದರೆ ಗದರಿದೆ. ಅವಳು ಅತ್ತರೂ ಕರೆಯಲಿಲ್ಲ. ನನ್ನ ತಟ್ಟೆ ಲೋಟ ನಾನೇ ತೊಳೆದು ಬೇರೆ ಇಟ್ಟುಕೊಂಡೆ. ಊಟಕ್ಕೆ ಮೂಲೆ ಹಿಡಿದೆ.

"ಯಾಕಿಂಗೆ ದೂರ ಕುಂತ್ಕತಿದ್ದೀರಿ? ನನ್ನ ಸಾರು ವಾಸ್ನೆ ಒಡೀತದಾ?" ಎಂದಳು ಹೆಂಡತಿ ಜಯಮ್ಮ.

"ಸೆಕೆ ಕಣಮ್ಮಿ."

"ಜಡಿಮಳೇಲಿ ಸೆಕೆಯಂತೆ."

ದೊಡ್ಡರೋಗ ಬಂದವರನ್ನು ಜನ ಏನು ಮಾಡುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ನಾನೇ ಮಾಡಿದ್ದೆ.

ಪ್ರಾಯದಲ್ಲಿ ನನ್ನ ತಂಡಕ್ಕೆ ಅಕ್ಕಿಹೆಬ್ಬಾಳಿನ ಒಬ್ಬ ಹೆಂಗಸು ಗಾರೆ ಕಲಸಲು ಬರುತ್ತಿದ್ದಳು. ಅವಳ ಹೆಸರನ್ನು ಈಗಲೇ ಬರೆದರೆ ಮುಂದಿನದನ್ನು ಬರೆಯಲು ಕೈ ಬರುವುದಿಲ್ಲ. "ಕೈ ಉರೀತದೆ ಕಣಣ್ಣ" ಎಂದು ತೋರಿಸಿದಳು. "ಹಾಲು ಸವರ್ಕೊ, ಗಟ್ಟಿಯಾಯ್ತದೆ" ಎಂದೆ. ಮೇಸ್ತ್ರಿಯ ಮಾತು, ಸವರಿಕೊಂಡಳು. ಕೈ ಪೂರ್ತಿ ಕೆಟ್ಟಿತು. ಕೆ.ಆರ್. ಪೇಟೆಯಲ್ಲಿ ಒಂದು ಮನೆಗೆ ತಾರಸಿ ಹಾಕಿದ ದಿನ. ಅಂದು ಮನೆಯವರು ಆಳುಗಳಿಗೆಲ್ಲ ಬಾಡೂಟ ಹಾಕುವುದು ವಾಡಿಕೆ. ಎಲೆಯ ಮುಂದೆ ಅವಳು ಕೈ ಚಾಚಿದಾಗ ಪಕ್ಕದವನು ಮುಖ ಕಿವುಚಿ ಸರಿದ. ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: "ಅದು ದೊಡ್ಡರೋಗ ಕಣಮ್ಮಿ. ಎಲೆ ಎತ್ಕಂಡು ಆಚೆ ಓಗು."

ಅವಳು ಎಲೆ ಎತ್ತಿಕೊಳ್ಳಲಿಲ್ಲ. ಬಡಿಸಿದ್ದನ್ನು ಹಾಗೇ ಬಿಟ್ಟು ಎದ್ದು ಹೋದಳು. ನನ್ನ ಮಾತು ಮೇಸ್ತ್ರಿಯಿಂದ ಮೇಸ್ತ್ರಿಗೆ ಹೋಯಿತು. ಆಮೇಲೆ ಅವಳನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಆ ಎಲೆ ಈಗ ದಿನವೂ ನನ್ನ ಕಣ್ಣ ಮುಂದಿತ್ತು.

ಕೊನೆಗೆ ಜಯಮ್ಮನೇ ಟವೆಲ್ ಕಿತ್ತು ನೋಡಿದಳು. ಮಾರನೆಯ ದಿನ ನಾಗಮಂಗಲದ ಕಡೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ನಾನು ಕಂಬಿಯನ್ನೂ ಮುಟ್ಟಲಿಲ್ಲ. ಸ್ಕಿನ್ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗ್ಲೌಸ್ ಇಲ್ಲದೆ ನನ್ನ ಕೈ ಹಿಡಿದರು. ನಾನು ಎಳೆದುಕೊಂಡೆ. ಬಿಡಲಿಲ್ಲ. ಕಣ್ಣು ಮುಚ್ಚಿಸಿ, ಹತ್ತಿಯಲ್ಲಿ, ಪಿನ್ನಿನ ತುದಿಯಲ್ಲಿ ಮುಟ್ಟಿದರು.

"ಗೊತ್ತಾಗುತ್ತಾ ತಾತ?"

"ಊಂ."

"ಇಲ್ಲಿ?"

"ಅಲ್ಲೂ."

ಮೊಣಕೈಯ ನರ ಒತ್ತಿ ನೋಡಿದರು. ಕುಷ್ಠ ಅಲ್ಲ ಎಂದರು. ಚರ್ಮ ದಪ್ಪವಾಗಿದ್ದರಿಂದ ಬಿಸಿ ತಿಳಿಯಲಿಲ್ಲವಂತೆ. ನಾನು ನಂಬಲಿಲ್ಲ. ಪ್ಯಾಚ್ ಟೆಸ್ಟ್ ಎಂದು ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ, ಸ್ನಾನ ಬೇಡವೆಂದು ಕಳಿಸಿದರು. ಎರಡು ದಿನ ಬಿಟ್ಟು ಹೋದಾಗ ಒಂದು ಪಟ್ಟಿಯ ಕೆಳಗೆ ಮಾತ್ರ ಕೆಂಪಗೆ ಗುಳ್ಳೆ ಎದ್ದಿತ್ತು.

"ಸಿಮೆಂಟಲ್ಲಿರೋ ಕ್ರೋಮಿಯಂ ನಿಮಗೆ ಆಗ್ತಿಲ್ಲ. ಇದು ಯಾರಿಗೂ ಅಂಟಲ್ಲ."

ಜಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನನಗೆ ಸಮಾಧಾನಕ್ಕಿಂತ ಮೊದಲು ಬೇರೆ ಪ್ರಶ್ನೆ ಬಂತು. ಹಿಂದೆ ಒಬ್ಬಳಿಗೆ ಹೀಗೇ ಆಗಿತ್ತು, ಅವಳೂ ನನ್ನ ಹಾಗೇ ಬಿರುಕಿಗೆ ಸಿಮೆಂಟಿನ ಹಾಲು ಸವರಿಕೊಂಡಿದ್ದಳು, ಅವಳದೂ ಇದೇನಾ ಎಂದೆ.

"ನೋಡದೆ ಹೇಳೋಕಾಗಲ್ಲ ತಾತ. ಇರಬಹುದು. ಆದ್ರೆ ಬಿರುಕಿಗೆ ಸಿಮೆಂಟನ್ನೇ ಹಚ್ಚೋದನ್ನ ನಿಮಗೆಲ್ಲ ಯಾರು ಹೇಳಿಕೊಟ್ರು?"

ನಾನು ಟವೆಲ್ಲನ್ನು ಮತ್ತೆ ಕೈಗೆ ಸುತ್ತಿಕೊಂಡೆ.

ಮುಲಾಮು ಹಚ್ಚಿ, ಸಿಮೆಂಟು ಬಿಟ್ಟು, ಕೈ ಸ್ವಲ್ಪ ಮಡಚುವಂತಾದ ಮೇಲೆ ರೈಲಿನಲ್ಲಿ ಅಕ್ಕಿಹೆಬ್ಬಾಳಿಗೆ ಹೋದೆ. ಅವಳು ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಮೊದಲು ನೋಡಿದ್ದು ಅವಳ ಕೈಗಳನ್ನು. ಬೆರಳು ನೆಟ್ಟಗಿದ್ದವು. ಗಾರೆ ಬಿಟ್ಟ ಮೇಲೆ ತಾನಾಗಿಯೇ ವಾಸಿಯಾಯಿತಂತೆ. ಅವಳೂ ನನ್ನ ಕೈಯನ್ನೇ ನೋಡಿದಳು.

"ನಿಂಗೂ ಬಂತಾ ಮೇಸ್ತ್ರಣ್ಣ?"

"ಊಂ."

"ಹಾಲು ಸವರ್ಕಳಾಕಿಲ್ವಾ?"

ಅವಳು ಒಳಗೆ ಹೋಗಿ ಎರಡು ತಟ್ಟೆ ತಂದು ಎದುರುಬದುರು ಇಟ್ಟಳು. ಬಿಸಿ ಮುದ್ದೆ. ಮುರಿಯಲು ಹೋದರೆ ಬಿರುಕು ಚುರುಗುಟ್ಟಿತು. ಅವಳು ಕೈ ಚಾಚಿ ನನ್ನ ಮುದ್ದೆ ಮುರಿದು, ತುತ್ತು ತುತ್ತಾಗಿ ಆರಲು ಬಿಟ್ಟಳು.

"ಉಣ್ಣು. ನಾನೇನೂ ಎಬ್ಬಿಸಾಕಿಲ್ಲ."

ಉಂಡೆ. ಅಲ್ಲಿಯವರೆಗೆ ಹೊತ್ತುಕೊಂಡು ಹೋಗಿದ್ದ ಮಾತು ಹಾಗೇ ಉಳಿಯಿತು. "ಬರ್ತೀನಿ ಕಣವ್ವ" ಎಂದಷ್ಟೇ ಹೇಳಿ ಎದ್ದು ಬಂದೆ.

ಚಳಿಗಾಲಕ್ಕೆ ಮತ್ತೆ ಒಡೆಯಬಹುದೆಂದು ಡಾಕ್ಟರು ಹೇಳಿದ್ದಾರೆ. ದಿನವೂ ಎದ್ದ ಕೂಡಲೇ ಹೆದರಿಕೊಂಡೇ ಅಂಗೈ ನೋಡಿಕೊಳ್ಳುತ್ತೇನೆ. ಈಗ ಮೊಮ್ಮಗಳು ಪಕ್ಕದಲ್ಲೇ ಕುಳಿತು ಉಣ್ಣುತ್ತಾಳೆ. ಅಷ್ಟು ಸಿಕ್ಕಿರುವುದೇ ದೊಡ್ಡದು.

ತಪ್ಪಾಯಿತು ಎಂದು ನಾನು ಇವತ್ತಿಗೂ ಹೇಳದೆ ಇರುವವಳ ಹೆಸರು ದೇವೀರಮ್ಮ.