ಏಸಿಯ ಕರಕರ ಸದ್ದು

ಎಂಬತ್ತರ ದಶಕದಲ್ಲಿ ಜಯನಗರದ ಒಂದು ಗ್ಯಾರೇಜಲ್ಲಿ ನಾನೂ ಮಣಿಯೂ ಮೆಕ್ಯಾನಿಕ್‌ಗಳು. ಬಂದವರೆಲ್ಲ ಮಣಿಯನ್ನೇ ಕೇಳ್ತಿದ್ರು. ನನಗೆ ಹೊಟ್ಟೆ ಉರೀತಿತ್ತು.

ಒಂದು ದಿನ ಡಾಕ್ಟರಮ್ಮ ಒಬ್ಬರು ಫಾರಿನ್ ಕಾರು ತಂದು, ಏಸಿ ತಣ್ಣಗಾಗ್ತಿಲ್ಲ ಅಂದರು.

"ಗ್ಯಾಸ್ ತುಂಬಿದ್ರೆ ಸಾಕು ಮೇಡಂ," ಅಂದ ಮಣಿ.

ನಾನು ಬಾನೆಟ್ ಎತ್ತಿ ಕಿವಿಗೊಟ್ಟೆ. ಏಸಿ ಹಾಕಿದಾಗ ಮಾತ್ರ ಕಂಪ್ರೆಸರ್ ಕರಕರ ಅಂತಿತ್ತು. ಪೈಪಿನ ಜಾಯಿಂಟೆಲ್ಲ ಎಣ್ಣೆ ಜಿಡ್ಡು.

"ಗ್ಯಾಸ್ ಜೊತೆ ಆಯಿಲೂ ಸೋರಿದೆ. ಹೀಗೇ ಓಡಿಸಿದ್ರೆ ಕಂಪ್ರೆಸರ್ ಜಾಮ್ ಆಗಿ ನಿಂತೇ ಹೋಗುತ್ತೆ," ಅಂದೆ.

ಜಾಯಿಂಟ್ ಸರಿಮಾಡಿ, ಆಯಿಲ್ ಹಾಕಿ, ಗ್ಯಾಸ್ ತುಂಬಿದೆ. ಸದ್ದು ನಿಂತು ತಣ್ಣನೆ ಗಾಳಿ ಬಂತು. ಹೊಗಳಿಕೆಗೆ ಕಾಯ್ತಾ ಕೈ ಒರೆಸಿಕೊಂಡು ನಿಂತೆ.

ಡಾಕ್ಟರಮ್ಮ ಮಣಿ ಕಡೆ ತಿರುಗಿ, "ಶಿಷ್ಯನನ್ನ ಚೆನ್ನಾಗಿ ತಯಾರು ಮಾಡಿದ್ದೀರಿ," ಅಂದರು.

"ಇನ್ನೂ ಕಲೀತಿದ್ದಾನೆ ಮೇಡಂ," ಅಂತ ಮಣಿ ಮೀಸೆ ತಿರುವಿ ನಕ್ಕ.

ವಯಸ್ಸಲ್ಲಿ ಅವನಿಗಿಂತ ನಾನೇ ದೊಡ್ಡವನು. ಮಾರನೇ ದಿನದಿಂದ ಅವನ ಹಾಗೇ ದಪ್ಪ ಮೀಸೆ ಬಿಡೋಕೆ ಶುರುಮಾಡಿದೆ.